ಎರಡು ಸೀಟಿ

"ಅಕ್ಕಾ, ಚೂರುಚೂರು ಸಮಯದಲ್ಲಿ ಮಾಡಿದ ಸಾಧನೆ ಎಂದಾದರೂ ಇಡಿಯಾಗುತ್ತದೆಯೇ? ಆಗುವುದಿಲ್ಲ ಎಂದಾದರೆ ಹೇಳಿಬಿಡಿ, ನಾನು ಕೆಲಸ ಬಿಡುತ್ತೇನೆ."

ಕೇಳಿದವನು ಗದಿಗೆಪ್ಪ. ತಾಲೂಕು ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿ ಅವನದು. ಹದಿನಾಲ್ಕು ವರ್ಷದಿಂದ ಆ ಕಿಟಕಿಯ ಹಿಂದೆ ನಿಂತಿದ್ದ. ಒಂದೂವರೆ ವರ್ಷದಿಂದ ಪ್ರತಿ ಗುರುವಾರ, ಒಂದು ಗಂಟೆ ಬಸ್ಸಿನಲ್ಲಿ ಕೂತು ಅಕ್ಕನವರ ಆಶ್ರಮಕ್ಕೆ ಬರುತ್ತಿದ್ದ.

ಅಕ್ಕನವರ ಪಾಠ ವಾರಕ್ಕೆ ಎರಡು ದಿನ. ಭಾನುವಾರ ಬೆಳಿಗ್ಗೆ ಒಂದು, ಗುರುವಾರ ಸಂಜೆ ನಾಲ್ಕಕ್ಕೆ ಒಂದು. ಭಾನುವಾರ ಜನ ಕಿಕ್ಕಿರಿಯುತ್ತಾರೆ. ಗುರುವಾರ ಏಳೆಂಟು ಮಂದಿ ಮಾತ್ರ, ಮುಂದಿನ ಸಾಲಿನಲ್ಲೇ ಜಾಗ ಸಿಗುತ್ತದೆ. ಗದಿಗೆಪ್ಪ ಗುರುವಾರವನ್ನೇ ಆರಿಸಿಕೊಂಡಿದ್ದ.

ಅವನ ದುಃಖ ಸುಳ್ಳಲ್ಲ. ಧ್ಯಾನಕ್ಕೆ ಬೆಳಿಗ್ಗೆ ಇಪ್ಪತ್ತು ನಿಮಿಷ ಸಿಗುತ್ತದೆ, ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ. ಕಣ್ಣು ಮುಚ್ಚಿದರೆ ರೆಪ್ಪೆಯ ಹಿಂದೆ ಅದೇ ಕಿಟಕಿ, ಅದರೊಳಗೆ ಚೀಟಿ ಹಿಡಿದ ಕೈಗಳು. ಹೀಗೆ ಕೂತು ಎದ್ದು, ಕೂತು ಎದ್ದು, ತಾನು ಎಲ್ಲಿಗೂ ತಲುಪುವುದಿಲ್ಲ ಎಂದು ಅವನಿಗೆ ಅನ್ನಿಸಿತ್ತು. ರಾಜೀನಾಮೆ ಪತ್ರವನ್ನು ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದ. ಅಕ್ಕನವರು ಹೂಂ ಎಂದರೆ ನಾಳೆ ಬೆಳಿಗ್ಗೆ ಅದನ್ನು ಕೊಟ್ಟುಬಿಡುವುದು ಎಂದು ನಿಶ್ಚಯಿಸಿದ್ದ.

ಅಕ್ಕನವರು ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಬಾಗಿಲ ಬಳಿ ಇಟ್ಟಿದ್ದ ದಪ್ಪ ಪುಸ್ತಕವನ್ನು ತರಿಸಿದರು. ಆಶ್ರಮಕ್ಕೆ ಬಂದವರು ಅದರಲ್ಲಿ ಹೆಸರು, ಊರು, ಬಂದ ವೇಳೆ ಬರೆದು ರುಜು ಹಾಕಿಯೇ ಒಳಗೆ ಬರಬೇಕು. ಅದು ಅಕ್ಕನವರ ಕಟ್ಟುನಿಟ್ಟು. ಹಿಂದೆ ಕಾಲೇಜಿನಲ್ಲಿ ಗಣಿತ ಕಲಿಸಿದವರು. ಕಾವಿ ಉಟ್ಟ ಮೇಲೂ ಬರೆದಿಡುವ ಅಭ್ಯಾಸ ಬಿಟ್ಟಿರಲಿಲ್ಲ. ನೆನಪು ತನಗೆ ಬೇಕಾದ್ದನ್ನಷ್ಟೇ ಇಟ್ಟುಕೊಳ್ಳುತ್ತದೆ, ಪುಸ್ತಕ ಎಲ್ಲವನ್ನೂ ಇಟ್ಟುಕೊಳ್ಳುತ್ತದೆ ಎನ್ನುತ್ತಿದ್ದರು.

ಆ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುಗಿಸುತ್ತ ಅಕ್ಕನವರು ಒಂದೇ ಮಾತು ಕೇಳಿದರು.

"ನಿನ್ನ ಕಿಟಕಿ ಎಷ್ಟು ಗಂಟೆಯ ತನಕ ತೆರೆದಿರಬೇಕು?"

"ನಾಲ್ಕರ ತನಕ, ಅಕ್ಕಾ."

ಅಕ್ಕನವರು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಕತೆ ಹೇಳತೊಡಗಿದರು.

ಒಂದು ಊರಿನ ಡಿಪೋದಲ್ಲಿ ಒಬ್ಬ ಹೆಣ್ಣುಮಗಳು ಕಂಡಕ್ಟರ್ ಆಗಿದ್ದಳು. ಪಟ್ಟಣದಿಂದ ಕೆರೆಯೂರಿಗೆ ಹೋಗಿ ಬರುವ ಬಸ್ಸು ಅವಳದು. ದಾರಿ ಇಪ್ಪತ್ತೊಂದು ಕಿಲೋಮೀಟರ್. ಮೂರು ಮೂರು ಕಿಲೋಮೀಟರಿಗೆ ಒಂದು ಸ್ಟೇಜು, ಒಟ್ಟು ಏಳು ಸ್ಟೇಜು. ದಿನಕ್ಕೆ ನಾಲ್ಕು ಸಲ ಹೋಗಬೇಕು, ನಾಲ್ಕು ಸಲ ಬರಬೇಕು. ಹನ್ನೊಂದು ವರ್ಷದಿಂದ ಅವಳು ಆ ದಾರಿಯಲ್ಲೇ ಇದ್ದಳು. ಚಾಲಕನೂ ಹನ್ನೊಂದು ವರ್ಷದಿಂದ ಅವನೇ. ವಯಸ್ಸಿನಲ್ಲಿ ಹಿರಿಯ. ಅವಳನ್ನು ತಂಗೀ ಎಂದು ಕರೆಯುತ್ತಿದ್ದ.

ಅವರಿಬ್ಬರ ನಡುವೆ ಮಾತು ಕಡಿಮೆ, ಸೀಟಿ ಹೆಚ್ಚು. ಅವಳ ಕೊರಳಲ್ಲಿ ದಾರ ಕಟ್ಟಿದ ಒಂದು ಸೀಟಿ. ಒಂದು ಸಲ ಊದಿದರೆ ನಿಲ್ಲು. ಎರಡು ಸಲ ಊದಿದರೆ ರೈಟ್, ಹೊರಡು. ಹನ್ನೊಂದು ವರ್ಷದಲ್ಲಿ ಆ ಚಾಲಕ ಎರಡು ಸೀಟಿ ಕೇಳದೆ ಒಮ್ಮೆಯೂ ಗಾಡಿ ಕದಲಿಸಿದವನಲ್ಲ.

ಆ ವರ್ಷ ಪಟ್ಟಣದಲ್ಲಿ ಹಾಫ್ ಮ್ಯಾರಥಾನ್ ಎಂಬ ಓಟ ಇಟ್ಟರು. ಇಪ್ಪತ್ತೊಂದು ಕಿಲೋಮೀಟರಿನ ಓಟ. ಪಟ್ಟಣದ ಬಸ್ ನಿಲ್ದಾಣದಿಂದ ಕೆರೆಯೂರಿನ ತನಕ. ಅವಳ ದಾರಿಯೇ.

ಪ್ರಕಟಣೆಯ ಹಾಳೆಯನ್ನು ನಿಲ್ದಾಣದ ಗೋಡೆಗೆ ಅಂಟಿಸಿದ್ದರು. ಅವಳು ಅದನ್ನು ನಾಲ್ಕು ಟ್ರಿಪ್ಪಿನಲ್ಲಿ ನಾಲ್ಕು ಸಲ ಓದಿದಳು. ಚಿಕ್ಕವಳಿದ್ದಾಗ ಓಡುತ್ತಿದ್ದಳು. ಬರಿಗಾಲಲ್ಲಿ ಓಡಿ ತಾಲೂಕಿಗೆ ಮೊದಲು ಬಂದಿದ್ದಳು. ಜಿಲ್ಲೆಯ ಓಟಕ್ಕೆ ಹೆಸರು ಹೋದ ವಾರವೇ, ಅದೇ ಡಿಪೋದಲ್ಲಿ ಕಂಡಕ್ಟರ್ ಆಗಿದ್ದ ಅವಳ ತಂದೆ ತೀರಿಕೊಂಡ. ಕೆಲಸ ಅವಳಿಗೆ ಬಂತು. ಜಿಲ್ಲೆಗೆ ಹೋಗಬೇಕಾದ ದಿನ ಅವಳು ಖಾಕಿ ಕೋಟಿನ ಅಳತೆ ಕೊಟ್ಟು ಬಂದಳು. ಅದಕ್ಕೆ ಅವಳು ಅತ್ತವಳಲ್ಲ. ಆದರೆ ಈ ಹಾಳೆ ಓದಿದ ಮೇಲೆ ಒಂದು ಮಾತು ಮನಸ್ಸಿನಿಂದ ಹೋಗಲಿಲ್ಲ. ಈ ದಾರಿಯ ಒಂದೊಂದು ಗುಂಡಿಯೂ ನನಗೆ ಗೊತ್ತು. ಆದರೆ ನನ್ನ ಕಾಲು ಈ ದಾರಿಯನ್ನು ಒಮ್ಮೆಯೂ ತುದಿಯಿಂದ ತುದಿಗೆ ಮುಟ್ಟಿಲ್ಲ.

ಅವಳಿಗೆ ಗೆಲ್ಲುವ ಆಸೆ ಇರಲಿಲ್ಲ. ಮುಗಿಸುವ ಆಸೆ ಇತ್ತು. ಮುಗಿಸುವುದಕ್ಕೂ ಒಂದು ಕಟ್ಟಳೆ ಇತ್ತು. ಎರಡೂವರೆ ಗಂಟೆಯಲ್ಲಿ ತಲುಪಬೇಕು. ಓಟಗಾರರ ಹಿಂದೆ ಒಂದು ಬಸ್ಸು ಎರಡೂವರೆ ಗಂಟೆಯ ಲೆಕ್ಕದಲ್ಲಿ ನಿಧಾನವಾಗಿ ಬರುತ್ತದೆ. ಆ ಬಸ್ಸು ಯಾರನ್ನು ದಾಟುತ್ತದೋ ಅವರು ಓಟ ಬಿಟ್ಟು ಅದರಲ್ಲಿ ಹತ್ತಿ ಕೂರಬೇಕು. ಬಸ್ಸನ್ನು ಅವಳ ಡಿಪೋದವರೇ ಕೊಡುವುದು ಎಂದಾಯಿತು. ದಾರಿ ಗೊತ್ತಿದ್ದವನು ಎಂದು ಅವಳ ಚಾಲಕನಿಗೇ ಆ ಡ್ಯೂಟಿ ಬಿತ್ತು.

ಡಿಪೋದಲ್ಲಿ ಇದು ದೊಡ್ಡ ನಗೆಯಾಯಿತು. ಜೀವಮಾನವೆಲ್ಲ ಜನರನ್ನು ಬಸ್ಸಿಗೆ ಹತ್ತಿಸಿದವಳನ್ನು ಈಗ ಬಸ್ಸು ಹತ್ತಿಸುತ್ತದೆ ಎಂದರು. ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡಿದಿಡುತ್ತೇವೆ, ಕಿಟಕಿ ಪಕ್ಕ ಬೇಕೋ ಬಾಗಿಲ ಪಕ್ಕ ಬೇಕೋ ಎಂದು ಕೇಳಿದರು. ಅವಳು ಬಾಗಿಲ ಪಕ್ಕ ಎಂದಳು.

ಅಭ್ಯಾಸಕ್ಕೆ ರಜೆ ಬೇಕು ಎಂದು ಡಿಪೋದ ಅಧಿಕಾರಿಯನ್ನು ಕೇಳಿದಳು. ಆತ ಕೆಟ್ಟವನಲ್ಲ. ಓಟದ ದಿನ ಒಂದು ರಜೆ ಕೊಡುತ್ತೇನೆ, ಅಭ್ಯಾಸಕ್ಕೆ ರಜೆ ಕೊಡು ಎಂದು ಯಾವ ನಿಯಮವೂ ಹೇಳುವುದಿಲ್ಲ ಎಂದ. ಅವಳು ವಾದ ಮಾಡಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದರೆ ರೊಟ್ಟಿ, ಮಕ್ಕಳು, ಡಿಪೋ. ವಾರದ ರಜೆಯ ದಿನ ಓಡಿದರಾಯಿತು ಎಂದರೆ ಅವಳ ಓಣಿಯ ನಲ್ಲಿಗೆ ನೀರು ಬರುವುದೂ ಆ ದಿನವೇ. ವಾರದ ನೀರು ತುಂಬಿಕೊಳ್ಳದೆ ಯಾವ ಹೆಣ್ಣುಮಗಳು ಓಡಲಿಕ್ಕೆ ಹೋಗುತ್ತಾಳೆ?

ಆದ್ದರಿಂದ ಅವಳು ಇಡಿ ಸಮಯ ಹುಡುಕುವುದನ್ನು ಬಿಟ್ಟಳು. ಚೂರು ಎಲ್ಲಿ ಬಿದ್ದಿದೆ ಎಂದು ನೋಡಿದಳು.

ಕೆರೆಯೂರಿನಲ್ಲಿ ಬಸ್ಸು ಹದಿನೆಂಟು ನಿಮಿಷ ನಿಲ್ಲುತ್ತದೆ. ಚಾಲಕ ಚಹಾ ಕುಡಿಯುತ್ತಾನೆ, ಕಂಡಕ್ಟರ್ ಚಹಾ ಕುಡಿಯುತ್ತಾಳೆ. ಅವಳು ಚಹಾ ಬಿಟ್ಟಳು. ಟಿಕೆಟ್ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಖಾಕಿ ಕೋಟನ್ನು ಸೀಟಿನ ಮೇಲೆ ಮಡಚಿಟ್ಟು, ಕ್ಯಾನ್ವಾಸ್ ಬೂಟು ಕಟ್ಟಿ ಓಡಿದಳು. ಊರ ಹೊರಗಿನ ಇಟ್ಟಿಗೆ ಭಟ್ಟಿಯ ತನಕ ಒಂದು ಕಿಲೋಮೀಟರ್, ಮತ್ತೆ ವಾಪಸು ಒಂದು. ಹನ್ನೆರಡು ನಿಮಿಷ. ದಿನಕ್ಕೆ ನಾಲ್ಕು ಸಲ.

ಮೊದಲ ದಿನ ಕೆರೆಯೂರಿನ ಜನ ಎದ್ದು ನಿಂತು ನೋಡಿದರು. ಯಾರೋ ಟಿಕೆಟ್ ತೆಗೆಯದೆ ಇಳಿದು ಓಡಿದ್ದಾನೆ, ಹಿಡಿಯಲಿಕ್ಕೆ ಹೊರಟಿದ್ದಾಳೆ ಎಂದು ಚಹಾದಂಗಡಿಯವನು ಸಾರಿದ. ಇಬ್ಬರು ಗಂಡಸರು ಅವಳಿಗೆ ಸಹಾಯ ಮಾಡಲೆಂದು ಹಿಂದೆ ಓಡಿದರು. ಅರ್ಧ ದಾರಿಯಲ್ಲಿ ದಮ್ಮು ಕಟ್ಟಿ ಕೂತರು.

ಸಂಜೆ ಡ್ಯೂಟಿ ಮುಗಿದ ಮೇಲೆ ಇನ್ನೊಂದು ಚೂರು ಇತ್ತು. ಡಿಪೋದಿಂದ ಅವಳ ಮನೆಗೆ ಆರು ಕಿಲೋಮೀಟರ್. ಪಾಸ್ ಇತ್ತು, ಪುಕ್ಕಟೆ ಹೋಗಬಹುದಿತ್ತು. ಅವಳು ಬಸ್ಸನ್ನು ಮುಂದೆ ಬಿಟ್ಟು ಹಿಂದೆ ಓಡಿದಳು. ಇಡೀ ದಿನ ಓಲಾಡುವ ಗಾಡಿಯಲ್ಲಿ ನಿಂತು ಕಲ್ಲಾದ ಕಾಲುಗಳು. ಮೊದಲ ತಿಂಗಳು ಆರು ಕಿಲೋಮೀಟರಿನಲ್ಲಿ ಮೂರನ್ನು ನಡೆದಳು. ಎರಡನೆಯ ತಿಂಗಳು ಒಂದನ್ನು ನಡೆದಳು. ಮೂರನೆಯ ತಿಂಗಳಿನಿಂದ ನಡೆಯಲಿಲ್ಲ.

ಅವಳ ಹತ್ತಿರ ಒಂದು ನೋಟುಬುಕ್ಕು ಇತ್ತು. ಬಸ್ಸಿಗೆ ಸ್ಟೇಜಿನ ಹಾಳೆ ಬರೆದ ಹಾಗೆಯೇ ತನ್ನ ಕಾಲಿಗೂ ಬರೆದಳು. ಹೊರಟದ್ದು, ತಲುಪಿದ್ದು, ತಡ, ಕಾರಣ. ಕಾರಣದ ಕೆಳಗೆ ಎಮ್ಮೆ ಅಡ್ಡ ಬಂತು ಎಂದು ಬರೆದ ದಿನವಿತ್ತು. ಮಗನಿಗೆ ಜ್ವರ ಎಂದು ಬರೆದ ದಿನವಿತ್ತು. ಸೋಮಾರಿತನ ಎಂದು ಬರೆದ ದಿನಗಳು ಎರಡು. ಅವನ್ನೂ ಅಳಿಸಲಿಲ್ಲ.

ಒಂದು ದಿನದ ಬರಹ ಮಾತ್ರ ಬೇರೆ.

ಆ ದಿನ ಕಾಲು ಹಗುರವಾಗಿತ್ತು. ಭಟ್ಟಿ ಬಂತು, ತಿರುಗಲು ಮನಸ್ಸಾಗಲಿಲ್ಲ. ಮುಂದಿನ ಬೇವಿನ ಮರ ಮುಟ್ಟಿ ಬರೋಣ ಎಂದು ಓಡಿದಳು. ಆ ಮರ ಮುಟ್ಟಿದಾಗ ಆದ ಸಂತೋಷ ಹನ್ನೊಂದು ವರ್ಷದಲ್ಲಿ ಆಗಿರಲಿಲ್ಲ. ವಾಪಸು ಬಂದಾಗ ಗಾಡಿ ಹೊರಡುವ ವೇಳೆ ಮೀರಿ ನಾಲ್ಕು ನಿಮಿಷ ಆಗಿತ್ತು. ಚಾಲಕ ಕಾದಿದ್ದ. ಎರಡು ಸೀಟಿ ಇಲ್ಲದೆ ಅವನು ಹೊರಡುವುದಿಲ್ಲ. ಒಳಗಿದ್ದ ಮೂವತ್ತೆರಡು ಮಂದಿಯೂ ಕಾದಿದ್ದರು. ಯಾರೂ ಗೊಣಗಲಿಲ್ಲ. ನಮ್ಮ ಕಂಡಕ್ಟರ್ ಓಡುತ್ತಿದ್ದಾಳೆ ಎಂದು ಅವರಿಗೂ ಹೆಮ್ಮೆ ಇತ್ತು.

ಪಟ್ಟಣ ತಲುಪಿದಾಗ ರೈಲು ಹೋಗಿಬಿಟ್ಟಿತ್ತು. ಮುಂದಿನ ಸೀಟಿನಲ್ಲಿ ಕೂತಿದ್ದ ಒಬ್ಬ ಮುದುಕ ಆ ರೈಲಿಗೆ ಹೋಗಬೇಕಾದವನು. ಮಗಳ ಹೆರಿಗೆಗೆ ಹೊರಟಿದ್ದ. ಅವನು ಬಯ್ಯಲಿಲ್ಲ. ಗಂಟು ಎತ್ತಿಕೊಂಡು ಇಳಿದು, ಅವಳನ್ನೇ ಕೇಳಿದ.

"ಮುಂದಿನ ಗಾಡಿ ಎಷ್ಟಕ್ಕವ್ವಾ?"

ಮುಂದಿನ ಗಾಡಿ ಮಾರನೆಯ ದಿನ ಬೆಳಿಗ್ಗೆ.

ಅವಳು ತನ್ನ ಬುತ್ತಿಯ ರೊಟ್ಟಿಯನ್ನು ಅವನಿಗೆ ಕೊಟ್ಟಳು. ನಿಲ್ದಾಣದ ಬೆಂಚಿನ ಮೇಲೆ ಅವನನ್ನು ಕೂರಿಸಿದಳು. ಮುಂದಿನ ಟ್ರಿಪ್ಪು ಹೊರಡುವಾಗ ಎರಡು ಸೀಟಿ ಊದಲು ಅವಳಿಗೆ ಉಸಿರು ಸಾಲಲಿಲ್ಲ. ಚಾಲಕ ಸಮಾಧಾನ ಹೇಳಿದ.

"ತಂಗೀ, ನಾಕು ನಿಮಿಷ ಏನ್ ಮಹಾ. ನೀ ಹೇಳಿದ್ರ ದಾರ್ಯಾಗ ಜೋರ್ ಹೊಡದು ಟೈಮ್ ಎಳದ್ ಬಿಡತಿದ್ದೆ."

"ಅಣ್ಣಾ, ಓಟ ನಂದು. ಗಾಡಿ ಅವರದು."

ಅಂದಿನ ಹಾಳೆಯಲ್ಲಿ ಬರೆದಳು. ಬಸ್ಸು ನಾಲ್ಕು ನಿಮಿಷ ತಡ. ಕಾರಣ, ನಾನು.

ಹದಿನೈದು ದಿನ ಅವಳು ಕೆರೆಯೂರಿನಲ್ಲಿ ಓಡಲಿಲ್ಲ. ಹದಿನಾರನೆಯ ದಿನ ಓಡಿದಳು. ಅದಾದ ಮೇಲೆ ಕಾಲು ಎಷ್ಟೇ ಹಗುರವಿರಲಿ, ಭಟ್ಟಿಯ ಹತ್ತಿರ ತಿರುಗಿದಳು. ಆ ಬೇವಿನ ಮರವನ್ನು ಮತ್ತೆ ಮುಟ್ಟಲಿಲ್ಲ.

ಹೀಗೆ ಎಂಟು ತಿಂಗಳು ಕಳೆಯಿತು. ಎಂಟು ತಿಂಗಳಲ್ಲಿ ಅವಳು ಒಮ್ಮೆಯೂ ಆರು ಕಿಲೋಮೀಟರಿಗಿಂತ ಹೆಚ್ಚು ಒಟ್ಟಿಗೆ ಓಡಲಿಲ್ಲ. ಪಟ್ಟಣದ ಶಾಲೆಯ ನಿವೃತ್ತ ಡ್ರಿಲ್ ಮಾಸ್ತರ ಅವಳ ನೋಟುಬುಕ್ಕು ನೋಡಿ ತಲೆಯಾಡಿಸಿದ. ಓಟಕ್ಕೆ ಉದ್ದ ಅಭ್ಯಾಸ ಬೇಕು, ತುಂಡು ಹಗ್ಗ ಎಷ್ಟಿದ್ದರೂ ಬಾವಿಯ ತಳ ಮುಟ್ಟುವುದಿಲ್ಲ ಎಂದ. ಅವನು ಹೇಳಿದ್ದು ಶಾಸ್ತ್ರ. ಅವಳು ನೋಟುಬುಕ್ಕನ್ನು ಚೀಲಕ್ಕೆ ಹಾಕಿಕೊಂಡಳು.

ಓಟದ ದಿನ ಬಂತು. ಬೆಳಿಗ್ಗೆ ಆರಕ್ಕೆ ಹೊರಟರು. ಇನ್ನೂರು ಮಂದಿ ಇದ್ದರು. ಅವಳು ಖಾಕಿ ಕೋಟು ಹಾಕಿರಲಿಲ್ಲ, ಆದರೆ ಕೊರಳಲ್ಲಿ ಸೀಟಿ ಇತ್ತು. ತೆಗೆದಿಡಲು ಮರೆತಿದ್ದಳು. ಹಿಂದಿನ ಬಸ್ಸಿನ ಬಾಗಿಲ ಪಕ್ಕದ ಸೀಟಿನ ಮೇಲೆ ಡಿಪೋದವರು ನಿಜವಾಗಿಯೂ ಒಂದು ಟವೆಲ್ ಹಾಸಿದ್ದರು.

ಒಂದೊಂದು ಸ್ಟೇಜಿನಲ್ಲೂ ಜನ ನಿಂತಿದ್ದರು. ಎಲ್ಲರೂ ಅವಳ ಪ್ರಯಾಣಿಕರು. ಹನ್ನೊಂದು ವರ್ಷ ಅವಳು ಅವರಿಗೆ ಹೇಳಿದ ಮಾತನ್ನೆಲ್ಲ ಅಂದು ಅವರು ಅವಳಿಗೆ ತಿರುಗಿ ಹೇಳಿದರು. ಕಂಡಕ್ಟರವ್ವಾರ, ಟಿಕೀಟ್ ತಗೊಂಡೀರೇನು ಎಂದು ಒಬ್ಬಳು ಕೇಳಿದಳು. ಬಾಗಿಲಾಗ ನಿಂದರಬ್ಯಾಡ್ರಿ, ಮುಂದ ನಡೀರಿ, ಮುಂದ ನಡೀರಿ ಎಂದು ಗುಂಪು ಕೂಗಿತು. ಅವಳು ನಗುತ್ತ ಓಡಿದಳು.

ಆದರೆ ಒಂದೊಂದು ಸ್ಟೇಜು ಬಂದಾಗಲೂ ಅವಳ ಕಾಲು ತಾನಾಗಿ ನಿಧಾನವಾಗುತ್ತಿತ್ತು, ಕತ್ತು ತಾನಾಗಿ ಹಿಂದೆ ತಿರುಗುತ್ತಿತ್ತು. ಇಳಿಯುವವರು ಇಳಿದರೇ, ಹತ್ತುವವರು ಹತ್ತಿದರೇ ಎಂದು ನೋಡುವ ಅಭ್ಯಾಸ. ನೋಡಿದಾಗಲೆಲ್ಲ ಹಿಂದಿನ ಬಸ್ಸು ಸ್ವಲ್ಪ ಹತ್ತಿರವಾಗಿರುತ್ತಿತ್ತು. ಕಾಲುವೆಯ ಸೇತುವೆಯ ತನಕ ಎಲ್ಲ ಸರಿಯಿತ್ತು. ಆಮೇಲೆ ಬಿಸಿಲೇರಿತು.

ಐದನೆಯ ಸ್ಟೇಜು ಒಂದು ಕೂಡುರಸ್ತೆ. ಹದಿನೈದು ಕಿಲೋಮೀಟರ್ ಮುಗಿದಿತ್ತು. ಅಡ್ಡ ರಸ್ತೆಯಿಂದ ಒಂದು ಟ್ರ್ಯಾಕ್ಟರ್ ಬಂತು. ಅದನ್ನು ತಡೆಯಲು ಪೊಲೀಸಿನವನು ಸೀಟಿ ಊದಿದ. ಒಂದು ಸೀಟಿ.

ಅವಳ ಕಾಲು ನಿಂತುಬಿಟ್ಟಿತು.

ಪೊಲೀಸಿನವನು ಅವಳಿಗೆ ಊದಿದ್ದಲ್ಲ. ಉಳಿದ ಓಟಗಾರರು ಅದನ್ನು ಕೇಳಲೂ ಇಲ್ಲ. ಅವಳೊಬ್ಬಳೇ ನಿಂತಳು. ಹದಿನೈದು ಕಿಲೋಮೀಟರ್ ಓಡಿದ ಕಾಲು ನಿಂತರೆ ಸುಮ್ಮನಿರುತ್ತದೆಯೇ? ಮೀನಖಂಡ ಗಂಟು ಕಟ್ಟಿತು. ಅವಳು ರಸ್ತೆಯ ಬದಿಯ ಮೈಲಿಗಲ್ಲನ್ನು ಹಿಡಿದು ನಿಂತಳು. ಹಿಂದಿದ್ದ ಏಳೆಂಟು ಮಂದಿ ಅವಳನ್ನು ದಾಟಿ ಹೋದರು. ಇನ್ನು ಹಿಂದೆ ಉಳಿದದ್ದು ಬಸ್ಸು ಒಂದೇ.

ಬಸ್ಸು ಬಂತು. ಮೂವತ್ತು ಹೆಜ್ಜೆ ದೂರದಲ್ಲಿ ಅದೂ ನಿಂತಿತು.

ಬಸ್ಸಿನಲ್ಲಿ ಓಟದ ಕಡೆಯ ಒಬ್ಬ ಅಧಿಕಾರಿ ಗಡಿಯಾರ ಹಿಡಿದು ಕೂತಿದ್ದ. ಯಾಕೆ ನಿಲ್ಲಿಸಿದೆ, ನಡೆ, ಅವಳನ್ನು ದಾಟು ಎಂದ. ಚಾಲಕ ಸ್ಟೇರಿಂಗಿನಿಂದ ಕೈ ತೆಗೆದ.

"ಸಾಹೇಬ್ರ, ಹೊರಗ ನಿಂತಾಕಿ ನಮ್ಮ ಕಂಡಕ್ಟರ್. ಆಕಿ ರೈಟ್ ಅನ್ನೂತನಕ ಈ ಗಾಡಿ ಹೋಗಾಂಗಿಲ್ಲ."

ಅಧಿಕಾರಿ ಗದರಿದ. ಚಾಲಕ ಗೇರು ಮುಟ್ಟಲಿಲ್ಲ. ಇದು ಹಟವೋ ಪ್ರೀತಿಯೋ ಅಭ್ಯಾಸವೋ, ಕೇಳಿದರೆ ಅವನಿಗೂ ಗೊತ್ತಾಗುತ್ತಿರಲಿಲ್ಲ.

ಕೂಡುರಸ್ತೆಯ ಜನಕ್ಕೆ ವಿಷಯ ತಿಳಿಯಿತು. ಅವರು ಅವಳ ಸುತ್ತ ಬಂದರು. ಒಬ್ಬಳು ಕೂತು ಅವಳ ಕಾಲು ತಿಕ್ಕಿದಳು. ಅವಸರ ಮಾಡಬೇಡ, ನೀನು ಊದದೆ ಗಾಡಿ ಎಲ್ಲಿಗೂ ಹೋಗುವುದಿಲ್ಲ, ನೋವು ಇಳಿಯಲಿ, ಬೇಕಿದ್ದರೆ ನೀರು ಕುಡಿ, ಕೂತುಕೋ ಎಂದಳು. ಆ ಮಾತು ನಿಜವಾಗಿತ್ತು. ಸೀಟಿ ಅವಳ ಕೊರಳಲ್ಲಿತ್ತು. ಅವಳು ಊದದಿದ್ದರೆ ಬಸ್ಸು ಅವಳನ್ನು ದಾಟುವುದಿಲ್ಲ. ಬಸ್ಸು ದಾಟದಿದ್ದರೆ ಅವಳು ಸೋಲುವುದಿಲ್ಲ. ಎಂಟು ತಿಂಗಳಲ್ಲಿ ಸಿಗದ ಇಡಿ ಸಮಯ ಅಲ್ಲಿ ಕಾಲ ಬಳಿ ಬಿದ್ದಿತ್ತು. ಬೇಕಾದಷ್ಟು ಎತ್ತಿಕೊಳ್ಳಬಹುದಿತ್ತು.

ಅವಳು ತಲೆ ಎತ್ತಿ ಬಸ್ಸಿನ ಕಿಟಕಿಗಳನ್ನು ನೋಡಿದಳು. ಓಟ ಬಿಟ್ಟು ಹತ್ತಿದ ಹದಿನಾರು ಮಂದಿ ಒಳಗಿದ್ದರು. ಒಬ್ಬಳು ಊದಿದ ಮೊಣಕಾಲಿಗೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದಳು. ಒಬ್ಬ ಮುಂದಿನ ಸೀಟಿಗೆ ಹಣೆಯಿಟ್ಟು ಒರಗಿದ್ದ. ಒಬ್ಬನಿಗೆ ವಾಂತಿಯಾಗಿತ್ತು. ವೈದ್ಯರು ಇದ್ದದ್ದು ಕೆರೆಯೂರಿನಲ್ಲಿ. ಗಾಡಿ ಯಾಕೆ ನಿಂತಿದೆ ಎಂದು ಅವರಲ್ಲಿ ಯಾರೂ ಕೇಳಲಿಲ್ಲ. ಆದರೆ ನಿಂತ ಗಾಡಿಯೊಳಗಿನ ಮುಖ ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಟು ಎತ್ತಿಕೊಂಡು ಇಳಿದ ಮುದುಕ ನೆನಪಾದ.

ಅವಳು ಸೀಟಿಯನ್ನು ಬಾಯಿಗಿಟ್ಟಳು. ಎರಡು ಸಲ ಊದಿದಳು.

ಚಾಲಕನ ಕೈ ಗೇರಿನ ಮೇಲೆ ಹೋಯಿತು. ಒಲ್ಲದ ಮನಸ್ಸಿನಿಂದ ಹೋಯಿತು, ಆದರೆ ಹೋಯಿತು. ಎರಡು ಸೀಟಿ ಕೇಳಿದ ಮೇಲೆ ನಿಂತವನೂ ಅವನಲ್ಲ.

ಬಸ್ಸು ಮೂರು ನಿಮಿಷ ತಡವಾಗಿತ್ತು. ತಡವಾದ ಗಾಡಿ ದಾರಿಯಲ್ಲಿ ವೇಗ ಹೆಚ್ಚಿಸಿ ಕಳೆದ ಸಮಯವನ್ನು ಎಳೆದುಕೊಳ್ಳುತ್ತದೆ ಎಂಬುದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಇನ್ನು ಅದು ಮೊದಲಿಗಿಂತ ಬೇಗ ಬರುತ್ತದೆ. ರಸ್ತೆಗೆ ಇಳಿದಿದ್ದ ಜನ ಸರಿದು ಗಾಡಿ ವೇಗ ಹಿಡಿಯುವ ಮೊದಲೇ ಅವಳು ಮೈಲಿಗಲ್ಲು ಬಿಟ್ಟಳು. ಮೊದಲು ಕುಂಟಿದಳು. ಆಮೇಲೆ ಕುಂಟುತ್ತಲೇ ಓಡಿದಳು. ಆಮೇಲೆ ಓಡಿದಳು.

ಮುಂದೆ ಉಳಿದದ್ದು ಆರು ಕಿಲೋಮೀಟರ್.

ಅಷ್ಟು ದೂರ ಅವಳ ಕಾಲಿಗೆ ಗೊತ್ತಿತ್ತು. ಡಿಪೋದಿಂದ ಮನೆಗೆ ಆರು ಕಿಲೋಮೀಟರ್. ದಿನವೆಲ್ಲ ನಿಂತು ಕಾಲು ಸೋತ ಮೇಲೆ, ಇನ್ನು ಒಂದು ಹೆಜ್ಜೆಯೂ ಆಗದು ಎನಿಸಿದ ಮೇಲೆ ಓಡುವ ಆರು ಕಿಲೋಮೀಟರ್. ನೋಟುಬುಕ್ಕಿನ ಪ್ರಕಾರ ನೂರಾ ನಲವತ್ತೆರಡು ಸಂಜೆ ಅವಳು ಅದನ್ನು ಓಡಿದ್ದಳು. ಮುಂದೆ ಓಡುತ್ತಿದ್ದವರು ಊರ ಮೈದಾನದಲ್ಲಿ ಬೆಳಗಿನ ತಂಪಿನಲ್ಲಿ, ದಣಿಯದ ಕಾಲಿನಿಂದ ಅಭ್ಯಾಸ ಮಾಡಿದವರು. ಸೋತ ಕಾಲಿನಿಂದ ಓಟ ಆರಂಭಿಸುವುದು ಅವರಿಗೆ ಹೊಸತು. ಅವಳಿಗೆ ಅದೊಂದೇ ಗೊತ್ತಿದ್ದದ್ದು. ಇಷ್ಟು ಹೊತ್ತು ಆದದ್ದು ಡ್ಯೂಟಿ, ಇನ್ನು ಮನೆಗೆ ಹೋಗುವ ದಾರಿ ಎಂದುಕೊಂಡಳು. ಆರನೆಯ ಸ್ಟೇಜಿನಲ್ಲಿ ಹಿಂದೆ ತಿರುಗಿ ನೋಡಲಿಲ್ಲ. ಅವಳನ್ನು ದಾಟಿ ಹೋಗಿದ್ದ ಏಳೆಂಟು ಮಂದಿಯಲ್ಲಿ ಐವರನ್ನು ಅವಳು ದಾಟಿದಳು. ಆ ಐವರಲ್ಲಿ ಮೂವರನ್ನು ಬಸ್ಸು ಹತ್ತಿಸಿಕೊಂಡಿತು.

ಅಕ್ಕನವರು ಇಲ್ಲಿಗೆ ಮಾತು ನಿಲ್ಲಿಸಿ ನೀರು ಕುಡಿದರು. ಲೋಟವನ್ನು ಕೆಳಗಿಟ್ಟು, ಅದರ ಮೇಲೆ ತಟ್ಟೆ ಮುಚ್ಚಿದರು. ಗದಿಗೆಪ್ಪನಿಗೆ ತಡೆಯಲಾಗಲಿಲ್ಲ. ತನ್ನ ಜೇಬಿನ ಪತ್ರವನ್ನು ಅವನು ಆಗಲೇ ಮರೆತಿದ್ದ.

"ಬಸ್ಸಿಗಿಂತ ಮೊದಲು ಮುಟ್ಟ್ಯಾಳೇನು, ಅಕ್ಕಾ?"

ಅವಳ ನೋಟುಬುಕ್ಕಿನಲ್ಲಿ ಅಂದಿನ ಹಾಳೆ ಹೀಗಿದೆ ಎಂದು ಅಕ್ಕನವರು ಹೇಳಿದರು. ಹೊರಟದ್ದು ಆರು ಗಂಟೆ. ತಲುಪಿದ್ದು ಎಂಟು ಗಂಟೆ ಇಪ್ಪತ್ತೊಂಬತ್ತು ನಿಮಿಷ. ತಡ, ಇಲ್ಲ. ಕಾರಣದ ಕೆಳಗೆ ಏನೂ ಬರೆದಿಲ್ಲ.

ಬಸ್ಸು ಎಂಟೂವರೆಗೆ ಸರಿಯಾಗಿ ಬಂದು ನಿಂತಿತು. ಅವಳು ಕೆರೆಯ ಕಟ್ಟೆಯಿಂದ ಎದ್ದು, ಕುಂಟುತ್ತ ಬಾಗಿಲ ಬಳಿ ಹೋದಳು. ಮೊದಲು ಊದಿದ ಮೊಣಕಾಲಿನವಳಿಗೆ ಕೈಕೊಟ್ಟು ಇಳಿಸಿದಳು. ಉಳಿದವರನ್ನೂ ಒಬ್ಬೊಬ್ಬರನ್ನಾಗಿ ಇಳಿಸಿದಳು. ಕೊನೆಗೆ ತನ್ನ ಸೀಟಿನ ಮೇಲಿದ್ದ ಟವೆಲನ್ನು ಎತ್ತಿಕೊಂಡಳು. ಅದರಿಂದ ಮುಖದ ಬೆವರು ಒರೆಸಿ ಚಾಲಕನ ಹೆಗಲ ಮೇಲೆ ಹಾಕಿದಳು. ಅವನು ಅದೇ ಟವೆಲಿನಿಂದ ತನ್ನ ಕಣ್ಣು ಒರೆಸಿಕೊಂಡ. ಚಹಾದಂಗಡಿಯವನು ಎಂಟು ತಿಂಗಳ ಬಾಕಿ ಎಂದು ಇಬ್ಬರಿಗೂ ಚಹಾ ತಂದುಕೊಟ್ಟ.

ಡ್ರಿಲ್ ಮಾಸ್ತರನೂ ಅಲ್ಲಿಗೆ ಬಂದಿದ್ದ. ಅವಳ ನೋಟುಬುಕ್ಕನ್ನು ಇಸಿದುಕೊಂಡು ಮೊದಲ ಹಾಳೆಯಿಂದ ಮತ್ತೆ ಓದಿದ. ಯಾವ ತುಂಡನ್ನೂ ಅವಳು ಬೇರೆಯವರ ಹಗ್ಗದಿಂದ ಕತ್ತರಿಸಿಕೊಂಡಿರಲಿಲ್ಲ. ಒಂದೇ ಒಂದು ದಿನ ಕತ್ತರಿಸಿದ್ದಳು, ಅದನ್ನು ಬರೆದಿದ್ದಳು. ಮಾಸ್ತರ ಪುಸ್ತಕವನ್ನು ಎರಡೂ ಕೈಯಿಂದ ಹಿಂದಿರುಗಿಸಿದ.

ಕತೆ ಮುಗಿಯಿತು. ಗದಿಗೆಪ್ಪನ ಮುಖ ಬೆಳಗಿತ್ತು. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದುಕೊಂಡ. ಚೂರುಗಳು ಇಡಿಯಾಗುತ್ತವೆ. ಇಪ್ಪತ್ತು ನಿಮಿಷವೂ ಸಾಕು, ಹತ್ತು ನಿಮಿಷವೂ ಸಾಕು. ಕೆಲಸ ಬಿಡಬೇಕಾಗಿಲ್ಲ. ಜೇಬಿನಿಂದ ಪತ್ರ ತೆಗೆದು ನಾಲ್ಕು ಚೂರು ಮಾಡಿದ. ಅಕ್ಕನವರಿಗೆ ನಮಸ್ಕಾರ ಮಾಡಿ, ಮುಂದಿನ ಗುರುವಾರ ಬರುತ್ತೇನೆ ಎಂದು ಎದ್ದ.

ಅಕ್ಕನವರು ಪಕ್ಕದಲ್ಲಿದ್ದ ದಪ್ಪ ಪುಸ್ತಕವನ್ನು ತೆರೆದು ಅವನ ಕಡೆ ತಿರುಗಿಸಿದರು. ಒಂದೂವರೆ ವರ್ಷದ ಗುರುವಾರಗಳು ಅದರಲ್ಲಿದ್ದವು. ಅವನದೇ ಅಕ್ಷರ, ಅವನದೇ ರುಜು, ಪ್ರತಿ ವಾರವೂ ಅದೇ ವೇಳೆ.

"ಗದಿಗೆಪ್ಪಾ, ಮೂರೂ ಐವತ್ತಕ್ಕೆ ನೀನು ಇಲ್ಲಿ ರುಜು ಹಾಕುವಾಗ, ಅಲ್ಲಿ ನಿನ್ನ ಕಿಟಕಿಯ ಮುಂದೆ ಚೀಟಿ ಹಿಡಿದು ನಿಂತವರು ಯಾರ ಸೀಟಿಗೆ ಕಾಯುತ್ತಿರುತ್ತಾರೆ?"